ಥ್ಯಾಂಕ್ಸ್‌ಗಿವಿಂಗ್ ಪೈ ಮೇಲೆ ಹಾಕುವ ಕೆನೆ: 25 ಜನಕ್ಕೆ ಮಾಡಬೇಕು, ಸಹಾಯ ಮಾಡಿ

ಸಾಗರದವಳು (ವರ್ಮಾಂಟ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಮದುವೆಯಾಗಿ ವರ್ಮಾಂಟ್‌ಗೆ ಬಂದಿದ್ದು 1999ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಥ್ಯಾಂಕ್ಸ್‌ಗಿವಿಂಗ್. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಅಮೆರಿಕದ ಕೃತಜ್ಞತೆಯ ಹಬ್ಬ. ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎದುರು ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿ, ಊಟಕ್ಕೆ ಬನ್ನಿ ಅಂತ ಕರೆದರು. ನಾವು ಮಾಂಸ ತಿನ್ನುವುದಿಲ್ಲ. ಟರ್ಕಿ ಕೋಳಿ ಬೇಡ ಅಂದಾಗ ಅವರು ಯಾಕೆ ಅಂತ ಕೇಳಲಿಲ್ಲ. ಊಟ ಮುಗಿದ ಮೇಲೆ ಕುಂಬಳಕಾಯಿ ಪೈ ಕೊಟ್ಟರು. ನನ್ನ ತುಂಡಿನ ಮೇಲೆ ಎರಡು ದೊಡ್ಡ ಚಮಚ ಕೆನೆ ಹಾಕಿದರು. ಬೇರೆಯವರಿಗೆ ಒಂದೇ ಚಮಚ.

ಆ ಕೆನೆ ಬಾಯಿಗೆ ಇಟ್ಟ ತಕ್ಷಣ ನನಗೆ ಅಳು ಬಂತು. ಅದರಲ್ಲಿ ಜೋನಿಬೆಲ್ಲದ ಪರಿಮಳ ಇತ್ತು. ಆಮೇಲೆ ಗೊತ್ತಾಯಿತು, ಅದು ಮೇಪಲ್ ಸಿರಪ್. ಮಾರ್ಚ್‌ನಲ್ಲಿ ಅಜ್ಜಿ ನಮ್ಮನ್ನು ಸಿರಪ್ ಕಾಯಿಸುವ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆಲ್ಲ ಆವಿ. ಅಗಲವಾದ ತಪ್ಪಲೆ, ಕೆಳಗೆ ಸೌದೆ ಉರಿ, ಸುತ್ತ ನಿಂತ ಮಕ್ಕಳು. ನಮ್ಮೂರ ಆಲೆಮನೆಯೇ! ನಮ್ಮಲ್ಲಿ ಕಬ್ಬಿನ ಹಾಲು, ಅಲ್ಲಿ ಮರದ ರಸ, ಅಷ್ಟೇ ವ್ಯತ್ಯಾಸ. 40 ಗ್ಯಾಲನ್ ರಸ ಕಾಯಿಸಿದರೆ ಒಂದು ಗ್ಯಾಲನ್ ಸಿರಪ್ ಸಿಗುತ್ತದೆ. ಬಿಸಿ ಸಿರಪ್ಪನ್ನು ಹಿಮದ ಮೇಲೆ ಸುರಿದು ಕೊಟ್ಟರು. ಅದು ಅಂಟಂಟಾಗಿ ಎಳೆ ಬರುತ್ತದೆ. ಜೊತೆಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಸಿಹಿ ಮುಖ ಕಟ್ಟಬಾರದು ಅಂತ.

ಅಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಗಳು ಮೊನ್ನೆ ಫೋನ್ ಮಾಡಿದ್ದರು. ಈ ಸಲ ಹಬ್ಬ ಅವರ ಮನೆಯಲ್ಲಿ, ಇಲ್ಲಿಂದ ಮೂರು ಗಂಟೆ ದಾರಿ. "ಕೆನೆ ನೀನೇ ತರಬೇಕು" ಅಂದರು. 25 ಜನ. ನನ್ನ ಅತ್ತೆ ಮಾವ ಊರಿಂದ ಬಂದಿದ್ದಾರೆ, ಅವರು ಜೆಲಟಿನ್ (ಕೆನೆ ಇಳಿಯದಂತೆ ಹಾಕುವ, ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಪುಡಿ) ಇರುವುದನ್ನು ಮುಟ್ಟುವುದಿಲ್ಲ. ಆ ಮನೆಯ ಒಂದು ಮಗುವಿಗೆ ನಟ್ಸ್ ಅಲರ್ಜಿ ಇದೆ, ಪೆಕಾನ್ (ಅಕ್ರೋಟಿನ ಥರದ್ದು) ಆಗಲ್ಲ, ಗೋಡಂಬಿ ಆಗಲ್ಲ.

ಇನ್ನೊಂದು ವಿಷಯ. ಅಜ್ಜಿ ಅಳತೆ ಹೇಳುತ್ತಿರಲಿಲ್ಲ. ನಾನು ಮಾಡಿದ ಕೆನೆ ಚೆನ್ನಾಗಿಯೇ ಆಗುತ್ತದೆ. ಆದರೆ ಅವರದರಲ್ಲಿ ಕೊನೆಗೆ ಒಂದು ಸಣ್ಣ ಹುಳಿ ಇರುತ್ತಿತ್ತು. ಅದು ಏನು ಅಂತ ಇಷ್ಟು ವರ್ಷವಾದರೂ ತಿಳಿದಿಲ್ಲ. ಅವರಿರುವಾಗಲೇ ಕೇಳಬೇಕಿತ್ತು.

ನ್ಯೂಜೆರ್ಸಿ ಅಡುಗೆಮನೆ

ಅಕ್ಕ, ಓದಿ ಗಂಟಲು ಕಟ್ಟಿತು. ಮೊದಲು ಲೆಕ್ಕ ನೋಡೋಣ.

ಕೆನೆ ಕಡೆದ ಮೇಲೆ ಸುಮಾರು ಎರಡರಷ್ಟು ಆಗುತ್ತದೆ. ಒಂದು ಕ್ವಾರ್ಟ್ ಡಬ್ಬಿಯಲ್ಲಿ ನಾಲ್ಕು ಕಪ್ ಇರುತ್ತದೆ, ಅದರಿಂದ ಎಂಟು ಕಪ್ ನೊರೆಕೆನೆ. ತಲೆಗೆ ಕಾಲು ಕಪ್ ಅಂದರೂ 32 ಜನಕ್ಕೆ ಬರುತ್ತದೆ. ಎರಡು ಸಲ ಹಾಕಿಸಿಕೊಳ್ಳುವವರೂ ಇರುತ್ತಾರೆ, ಅಲ್ವಾ? ಒಂದು ಪೈಂಟ್ (ಅರ್ಧ ಕ್ವಾರ್ಟ್) ಜಾಸ್ತಿ ತನ್ನಿ.

ಡಬ್ಬಿಯ ಮೇಲೆ "ಹೆವಿ" ಅಂತ ಇರಲಿ. ಅದರಲ್ಲಿ ಕನಿಷ್ಠ 36 ಶೇಕಡಾ ಕೊಬ್ಬು ಇರುತ್ತದೆ. ಬರೀ ವಿಪ್ಪಿಂಗ್ ಕ್ರೀಮ್ ಅಂತ ಇದ್ದರೆ 30ರಿಂದ ಶುರು. ಅದೂ ಉಬ್ಬುತ್ತದೆ, ಆದರೆ ಬೇಗ ಇಳಿಯುತ್ತದೆ. ಕೆನೆ, ಪಾತ್ರೆ, ಕಡೆಯುವ ಕಡ್ಡಿ ಮೂರೂ ತಣ್ಣಗಿರಬೇಕು. ನಾನು ಸ್ಟೀಲ್ ಪಾತ್ರೆಯನ್ನು 15 ನಿಮಿಷ ಫ್ರೀಜರ್‌ನಲ್ಲಿ ಇಡುತ್ತೇನೆ. ಕೆನೆಯೊಳಗಿನ ಕೊಬ್ಬಿನ ಹನಿಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯನ್ನು ಹಿಡಿದಿಡುತ್ತವೆ. ಬೆಚ್ಚಗಾದರೆ ಕೊಬ್ಬು ಕರಗುತ್ತದೆ, ಗಾಳಿ ಹೋಗುತ್ತದೆ.

ಮೂರು ಗಂಟೆ ದಾರಿ ಅಂದರೆ ಕಡೆದು ಒಯ್ಯಬೇಡಿ. ನಾನು ಒಮ್ಮೆ ಹಾಗೆ ಒಯ್ದಿದ್ದೆ. ತಲುಪುವಷ್ಟರಲ್ಲಿ ಡಬ್ಬಿಯ ತಳದಲ್ಲಿ ನೀರು ನಿಂತಿತ್ತು. ದ್ರವವಾಗಿಯೇ ಐಸ್ ಪೆಟ್ಟಿಗೆಯಲ್ಲಿ ಒಯ್ದು ಅಲ್ಲೇ ಕಡೆಯಿರಿ. ಕೈ ಮಿಕ್ಸರ್‌ನಲ್ಲಿ ಐದಾರು ನಿಮಿಷದ ಕೆಲಸ.

ಮೊದಲೇ ಮಾಡಲೇಬೇಕು ಅಂದರೆ ಒಂದು ಕಪ್ ಕೆನೆಗೆ ಕಾಲು ಕಪ್ ಮಸ್ಕರ್ಪೋನೆ (ಇಟಲಿಯ ಮೆತ್ತಗಿನ ಕೆನೆ ಚೀಸ್) ಸೇರಿಸಿ ಕಡೆಯಿರಿ. ಮರುದಿನದವರೆಗೂ ನಿಲ್ಲುತ್ತದೆ. ಅದು ಸಾಮಾನ್ಯವಾಗಿ ಹುಳಿ ಹಾಕಿ ಒಡೆಸಿ ಮಾಡುವಂಥದ್ದು. ಆದರೂ ಲೇಬಲ್ ಓದಿ. ಹಾಲಿನ ಪುಡಿ ಒಂದೆರಡು ಚಮಚ ಹಾಕಿದರೂ ನಡೆಯುತ್ತದೆ. ಎರಡರಲ್ಲೂ ಜೆಲಟಿನ್ ತೊಂದರೆ ಇಲ್ಲ.

ನಿಮ್ಮ ಅತ್ತೆ ಮಾವನಿಗೆ ಇನ್ನೊಂದು ಮಾತು ಹೇಳಿಡಿ. ಸಿಹಿಗೆಣಸಿನ ಮೇಲೆ ಬಿಳಿ ಬಿಳಿ ಮಾರ್ಷ್‌ಮೆಲ್ಲೊ ಸುಟ್ಟು ಹಾಕಿರುತ್ತಾರೆ. ಅದರಲ್ಲಿ ಜೆಲಟಿನ್ ಇರುತ್ತದೆ. ಅಂಗಡಿಯ ಪೈ ಹಿಟ್ಟಿನಲ್ಲಿ ಕೆಲವೊಮ್ಮೆ ಹಂದಿ ಕೊಬ್ಬು ಇರುತ್ತದೆ. ನಮ್ಮ ಅಮ್ಮ ಬಂದ ವರ್ಷ ಇದು ಗೊತ್ತಾಗಿದ್ದು ತಿಂದ ಮೇಲೆ. ಅವರು ಏನೂ ಅನ್ನಲಿಲ್ಲ, ಎದ್ದು ಹೋಗಿ ಸುಮ್ನೆ ಬಾಯಿ ಮುಕ್ಕಳಿಸಿ ಬಂದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಧಾರವಾಡದ ಅಮ್ಮ

ನಾನು ಮಗಳ ಬಾಣಂತನಕ್ಕೆ ಬಂದವಳು, ಈಗ ಎರಡನೇ ಸಲ. ಇಲ್ಲಿಯ ಕುಂಬಳಕಾಯಿ ಪೈ ನೋಡಿದಾಗ ನನಗೇನೂ ಹೊಸದು ಅನ್ನಿಸಲಿಲ್ಲ. ನಮ್ಮ ಕಡೆ ಕುಂಬಳಕಾಯಿ ಗಾರಿಗೆ ಮಾಡುತ್ತೇವಲ್ಲ. ಅದೇ ಕುಂಬಳಕಾಯಿ, ಅದೇ ಬೆಲ್ಲದ ಬಣ್ಣ, ಏಲಕ್ಕಿ ಬದಲು ದಾಲ್ಚಿನ್ನಿ.

ಹೋಳಿಗೆಗೆ ನಾವು ಕಾಯಿಹಾಲು ಹಾಕಿಕೊಳ್ಳುವ ಹಾಗೆ ಪೈಗೂ ಹಾಕಿ ನೋಡಿ. ನಾನು ಹೋದ ವರ್ಷ ಮಾಡಿದೆ. ತೆಂಗಿನ ಗಟ್ಟಿ ಹಾಲು ಎರಡು ಕಪ್, ಬೆಲ್ಲ ಅರ್ಧ ಕಪ್, ನಾಲ್ಕು ಏಲಕ್ಕಿ, ಒಂದು ಚಿಟಿಕೆ ಜಾಯಿಕಾಯಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಆರಿಸಿ. ಆಮೇಲೆ ಕಾಯಿಹಾಲಿಗೆ ಬೆರೆಸಿ ಉಗುರು ಬೆಚ್ಚಗೆ ಮಾಡಿ. ಕುದಿಸಬೇಡಿ, ಒಡೆಯುತ್ತದೆ. ಬಿಸಿ ಪೈಗಿಂತ ತಣ್ಣಗಿನ ಪೈ ಮೇಲೆ ಇದು ರುಚಿ.

ಅಳಿಯನ ಗೆಳೆಯರು ಅಮೆರಿಕದವರೇ ನಾಲ್ಕು ಜನ ಬಂದಿದ್ದರು. ಬಟ್ಟಲು ಖಾಲಿಯಾಯಿತು. ಒಬ್ಬ ಹುಡುಗ ಬಟ್ಟಲನ್ನು ಬೆರಳಿನಿಂದ ಬಳಿದು ತಿಂದ. ಆಗ ನನ್ನ ಅಣ್ಣನ ನೆನಪಾಯಿತು. ಅವನೂ ಹೋಳಿಗೆ ದಿನ ಹಾಗೇ ಮಾಡುತ್ತಿದ್ದ.

ಅಡಿಕೆ ತೋಟ (ಟೆಕ್ಸಸ್)

ಅಮ್ಮ, ನಿಮ್ಮ ಕಾಯಿಹಾಲು ಬರೆದುಕೊಂಡೆ.

ನನ್ನ ಮೊದಲ ಥ್ಯಾಂಕ್ಸ್‌ಗಿವಿಂಗ್ 2004ರದ್ದು. ವಿದ್ಯಾರ್ಥಿ. ಕ್ಯಾಂಪಸ್ ಪೂರ್ತಿ ಖಾಲಿ, ಊಟದ ಹಾಲ್ ಕೂಡ ಮುಚ್ಚಿತ್ತು. ಒಬ್ಬ ರಿಟೈರ್ಡ್ ಮೇಷ್ಟ್ರು ಮತ್ತು ಅವರ ಹೆಂಡತಿ ನಮ್ಮ ನಾಲ್ಕು ಜನರನ್ನು ಮನೆಗೆ ಕರೆದಿದ್ದರು. ಹಿತ್ತಲಲ್ಲಿ ದೊಡ್ಡ ಪೆಕಾನ್ ಮರ. ಪೆಕಾನ್ ಟೆಕ್ಸಸ್‌ನ ರಾಜ್ಯ ಮರ, 1919ರಿಂದ. ಹಿಂದಿನ ಸಂಜೆಯೇ ಹೋಗಿದ್ದೆವು. ಎಲ್ಲರೂ ಅಂಗಳದಲ್ಲಿ ಕೂತು ಪೆಕಾನ್ ಒಡೆದು ಸುಲಿದೆವು. ಮಾತು, ನಗು, ಕತೆ. ನಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಅಡಿಕೆ ಸುಲಿಯುವ ಕಾಲ. ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿಯೆಲ್ಲ ಕೂರುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು.

ಮೇಷ್ಟ್ರ ಹೆಂಡತಿ ಪೆಕಾನ್‌ಗೆ ಪಾಕ ಹಾಕಿ ಐಸ್‌ಕ್ರೀಮ್ ಮೇಲೆ ಸುರಿಯುವ ಸಾಸ್ ಮಾಡುತ್ತಿದ್ದರು. ಕಂದು ಸಕ್ಕರೆ, ಬೆಣ್ಣೆ, ಕೆನೆ. ಥರ್ಮಾಮೀಟರ್ ಇಟ್ಟು 114 ಡಿಗ್ರಿ ಸೆಲ್ಸಿಯಸ್ ಬರಲಿ ಅಂತ ಕಾಯುತ್ತಿದ್ದರು. ನಾನು ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ತೋರಿಸಿದೆ. ನಮ್ಮ ಉಂಡೆಪಾಕ! ಅವರು ಥರ್ಮಾಮೀಟರ್ ನೋಡಿದರು. ಸರಿಯಾಗಿ ಅಷ್ಟೇ ಇತ್ತು. ಅವತ್ತಿನಿಂದ ನನ್ನನ್ನು ಒಲೆ ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದರು.

ಅಕ್ಕ, ನಿಮಗೆ ಪೆಕಾನ್ ಆಗುವುದಿಲ್ಲ. ಹಾಗಾಗಿ ಕುಂಬಳ ಬೀಜದ ಚಿಕ್ಕಿ ಮಾಡಿ. ಆದರೆ ಮಗುವಿನ ಅಪ್ಪ ಅಮ್ಮನನ್ನು ಮೊದಲು ಕೇಳಿ. ಬೀಜದ ಪ್ಯಾಕೆಟ್ ಮೇಲೆ ಗೋಡಂಬಿ, ಬಾದಾಮಿ ಪ್ಯಾಕ್ ಮಾಡುವ ಜಾಗದಲ್ಲಿ ತಯಾರಾದದ್ದು ಅಂತ ಬರೆದಿದ್ದರೆ ತರಬೇಡಿ. ಒಂದು ಕಪ್ ಬೀಜ ಹುರಿದುಕೊಳ್ಳಿ. ಒಂದು ಕಪ್ ಬೆಲ್ಲ, ಎರಡು ಚಮಚ ನೀರು. ಈ ಸಲ ಉಂಡೆಪಾಕ ಸಾಲದು. ನೀರಿಗೆ ಬಿಟ್ಟ ಹನಿ ಟಕ್ ಅಂತ ಮುರಿಯಬೇಕು. ಒಂದು ಚಮಚ ತುಪ್ಪ, ಚೂರು ಉಪ್ಪು, ಬೀಜ ಹಾಕಿ ತಟ್ಟೆಗೆ ಸುರಿಯಿರಿ. ಆರಿದ ಮೇಲೆ ಕುಟ್ಟಿ ತರಿತರಿ ಮಾಡಿ. ಮೆತ್ತಗಿನ ಪೈ, ಮೆತ್ತಗಿನ ಕೆನೆ, ಮೇಲೆ ಕರುಂ ಕುರುಂ. ಕೆನೆ ಮೇಲೆ ಬಡಿಸುವ ಹೊತ್ತಿಗೇ ಉದುರಿಸಿ. ಮೊದಲೇ ಹಾಕಿದರೆ ಬೆಲ್ಲ ನೀರು ಬಿಡುತ್ತದೆ.

ವಿಸ್ಕಾನ್ಸಿನ್ ಕನ್ನಡಿಗ

ಕ್ರ್ಯಾನ್‌ಬೆರಿ (ಪುಟ್ಟ ಕೆಂಪು ಹುಳಿ ಹಣ್ಣು) ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಅಮೆರಿಕದ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ವಿಸ್ಕಾನ್ಸಿನ್‌ನದು. ಅಕ್ಟೋಬರ್‌ನಲ್ಲಿ ಗದ್ದೆಗೆ ನೀರು ಬಿಡುತ್ತಾರೆ. ಹಣ್ಣಿನೊಳಗೆ ನಾಲ್ಕು ಗಾಳಿ ಗೂಡುಗಳಿರುತ್ತವೆ, ಅದಕ್ಕೇ ತೇಲುತ್ತವೆ. ಇಡೀ ಗದ್ದೆ ಕುಂಕುಮ ಚೆಲ್ಲಿದ ಹಾಗೆ. ಮಕ್ಕಳನ್ನು ಪ್ರತಿ ವರ್ಷ ಕರೆದುಕೊಂಡು ಹೋಗುತ್ತೇನೆ.

ನಮ್ಮನೆಯಲ್ಲಿ ಕ್ರ್ಯಾನ್‌ಬೆರಿ ಗೊಜ್ಜು ಊಟಕ್ಕೆ, ಕ್ರ್ಯಾನ್‌ಬೆರಿ ಪಾಕ ಸಿಹಿಗೆ. ಪಾಕಕ್ಕೆ 340 ಗ್ರಾಂನ ಒಂದು ಚೀಲ ಹಣ್ಣು, ಒಂದು ಕಪ್ ಸಕ್ಕರೆ, ಒಂದು ಕಪ್ ನೀರು. ನಾನು ನೀರಿನ ಬದಲು ಅರ್ಧದಷ್ಟು ಕಿತ್ತಳೆ ರಸ ಹಾಕುತ್ತೇನೆ, ಜೊತೆಗೆ ಒಂದು ಇಂಚು ಶುಂಠಿ ತುರಿದು. ಹಣ್ಣುಗಳು ಪಟಪಟ ಅಂತ ಸಿಡಿಯುತ್ತವೆ. ಹತ್ತು ನಿಮಿಷ ಸಾಕು. ಒಲೆ ಮೇಲೆ ನೀರಾಗಿ ಕಂಡರೂ ಹೆದರಬೇಡಿ. ಈ ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ, ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಚೀಸ್‌ಕೇಕ್ ಮೇಲೆ, ಪೈ ಮೇಲೆ, ಮರುದಿನ ದೋಸೆ ಜೊತೆಗೂ.

ಅಕ್ಕ ಹೇಳಿದ ಹುಳಿ ಇದೇ ಇರಬಹುದಾ? ಅಜ್ಜಿ ಕೆನೆಗೆ ಕ್ರ್ಯಾನ್‌ಬೆರಿ ರಸ ಬೆರೆಸುತ್ತಿದ್ದರಾ?

ಸಾಗರದವಳು (ವರ್ಮಾಂಟ್)

ಎಲ್ಲರಿಗೂ ಕೈ ಮುಗಿಯುತ್ತೇನೆ. ಅತ್ತೆ ಕೂತು ಒಂದೊಂದನ್ನೂ ಓದಿಸಿ ಕೇಳಿದರು. ಧಾರವಾಡದ ಅಮ್ಮನ ಕಾಯಿಹಾಲು ಅವರೇ ಮಾಡುತ್ತಾರಂತೆ.

ಕ್ರ್ಯಾನ್‌ಬೆರಿ ಅಲ್ಲ ಅನ್ನಿಸುತ್ತದೆ. ಕೆನೆ ಗುಲಾಬಿ ಬಣ್ಣ ಇರುತ್ತಿರಲಿಲ್ಲ. ಸ್ವಲ್ಪ ಕಂದು. ಹುಳಿ ಅಂದರೆ ನಿಂಬೆ ಥರ ಚುರುಕಲ್ಲ, ಮಾಗಿದ ಹುಳಿ. ಹಣ್ಣಿನ ಹುಳಿ.

ಫಿಲ್ಟರ್ ಕಾಫಿ (ಬಾಸ್ಟನ್)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಮನೆಯವರು ಅಮ್ಮನನ್ನು ಕಳೆದುಕೊಂಡ ಮೊದಲ ಹಬ್ಬ ಇದು. ಅವರಿಗೆ ಬೇಕಾಗಿರುವುದು ಅಮ್ಮನ ಕೆನೆ. ಏಲಕ್ಕಿ, ಬೆಲ್ಲ, ಕೇಸರಿ ಎಲ್ಲ ಆಮೇಲಿನದು. ನನ್ನ ಅತ್ತೆ ಇಲ್ಲಿಯವರು. ಮದುವೆಯಾದ ಹೊಸದರಲ್ಲಿ ನಾನು ಅವರ ಸೇಬಿನ ಪೈಗೆ ಏಲಕ್ಕಿ ಹಾಕಿದ್ದೆ. ಅವರು ಹೊಗಳಿದರು, ಆದರೆ ತುಂಡು ತಟ್ಟೆಯಲ್ಲೇ ಉಳಿಯಿತು. ಆ ಪೈ ಅವರ ಅಮ್ಮನದು ಅಂತ ನನಗೆ ಆಮೇಲೆ ತಿಳಿಯಿತು.

ಈಗ ನಾನು ಪೈ ಮುಟ್ಟುವುದಿಲ್ಲ. ಪಕ್ಕದಲ್ಲಿ ನನ್ನದೊಂದು ಬಟ್ಟಲು ಇಡುತ್ತೇನೆ. ಗಟ್ಟಿ ಡಿಕಾಕ್ಷನ್ ಕೆನೆ. ಒಂದು ಕಪ್ ಕೆನೆಗೆ ಎರಡು ಚಮಚ ತಣ್ಣಗಾದ ಮೊದಲ ಡಿಕಾಕ್ಷನ್, ಒಂದೇ ಚಮಚ ಸಕ್ಕರೆ. ಪೆಕಾನ್ ಪೈ ಬಹಳ ಸಿಹಿ. ಚಿಕೋರಿಯ ಕಹಿ ಅದಕ್ಕೆ ಸರಿಹೋಗುತ್ತದೆ. ಅತ್ತೆ ಈಗ ಮೊದಲು ಆ ಬಟ್ಟಲಿಗೇ ಕೈ ಹಾಕುತ್ತಾರೆ.

ನ್ಯೂಜೆರ್ಸಿ ಅಡುಗೆಮನೆ

ಫಿಲ್ಟರ್ ಕಾಫಿ ಅವರ ಮಾತು ನೂರಕ್ಕೆ ನೂರು ಸರಿ. ಬಟ್ಟಲು ಬೇರೆ ಇಡಿ. ಯಾರಿಗೆ ಬೇಕೋ ಅವರು ಹಾಕಿಕೊಳ್ಳಲಿ. ಅಲರ್ಜಿ ಇರುವ ಮಗುವಿಗೂ ಅದೇ ಕ್ಷೇಮ. ಪ್ರತಿ ಬಟ್ಟಲಿಗೂ ಬೇರೆ ಚಮಚ ಇಡಿ.

ಅಡಿಕೆ ತೋಟ (ಟೆಕ್ಸಸ್)

ಬೆಲ್ಲದ ಕ್ಯಾರಮೆಲ್ ಮಾಡಿದವರು ಇದ್ದೀರಾ? ನನ್ನದು ಎರಡು ಸಲ ಒಡೆದು ಹೋಯಿತು.

ಧಾರವಾಡದ ಅಮ್ಮ

ಬೆಲ್ಲದಲ್ಲಿ ಹುಳಿ ಅಂಶ ಇರುತ್ತದಪ್ಪಾ. ಬಿಸಿ ಬೆಲ್ಲಕ್ಕೆ ಹಾಲು ಹಾಕಿದರೆ ಪಾಯಸ ಒಡೆಯುವುದಿಲ್ಲವೇ, ಹಾಗೇ ಇದು. ಪಾಕ ಇಳಿಸಿ ಚೆನ್ನಾಗಿ ಆರಲು ಬಿಡು. ಮೊದಲು ಬೆಣ್ಣೆ ಹಾಕು, ಆಮೇಲೆ ಕೆನೆಯನ್ನು ಸ್ವಲ್ಪ ಸ್ವಲ್ಪವೇ. ಹಾಲು ಬೇಡ, ಗಟ್ಟಿ ಕೆನೆಯೇ ಬೇಕು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಭದ್ರ.

ಫಿಲ್ಟರ್ ಕಾಫಿ (ಬಾಸ್ಟನ್)

ಕ್ಯಾರಮೆಲ್ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಇಲ್ಲಿಯವರು ಬೆಣ್ಣೆಯನ್ನು ಕಂದು ಬರುವವರೆಗೆ ಕಾಯಿಸಿ ಪೈಗೆ ಹಾಕುತ್ತಾರೆ. ಅದರ ಪರಿಮಳ ಏನು ಗೊತ್ತಾ? ತುಪ್ಪದ ಗಸಿ! ಅಮ್ಮ ತುಪ್ಪ ಕಾಯಿಸಿ ಸೋಸಿದ ಮೇಲೆ ತಳದಲ್ಲಿ ಉಳಿಯುವ ಕಂದು ಗಸಿಗೆ ಸಕ್ಕರೆ ಬೆರೆಸಿ ನಮಗೆ ಕೊಡುತ್ತಿದ್ದಳು. ನಾನೂ ತಂಗಿಯೂ ಆ ಬಾಣಲೆಗೆ ಕಾಯುತ್ತಿದ್ದೆವು. ಈಗ ನವೆಂಬರ್‌ನಲ್ಲಿ ತುಪ್ಪ ಕಾಯಿಸಿದಾಗ ಗಸಿ ಎತ್ತಿಡುತ್ತೇನೆ. ಕಂದು ಸಕ್ಕರೆ, ಎರಡು ಹರಳು ಉಪ್ಪು ಸೇರಿಸಿ ಸೇಬಿನ ಪೈ ಮೇಲೆ ಉದುರಿಸುತ್ತೇನೆ. ಇದೂ ಬೇರೆ ಬಟ್ಟಲಲ್ಲೇ. ನನ್ನ ಮಗನೂ ಈಗ ಒಲೆ ಪಕ್ಕ ಕಾಯುತ್ತಾನೆ.

ಟೊರಾಂಟೊ ಮನೆ

ನಮ್ಮ ಹಬ್ಬ ಮುಗಿದೇ ಹೋಯಿತು. ಕೆನಡಾದಲ್ಲಿ ಅಕ್ಟೋಬರ್‌ನ ಎರಡನೇ ಸೋಮವಾರ. ಕೆಲವು ವರ್ಷ ನವರಾತ್ರಿ ಹತ್ತಿರವೇ ಬರುತ್ತದೆ. ಗೊಂಬೆ ಕೂರಿಸಿದ ಕೋಣೆಯಲ್ಲೇ ಪೈ ಹಂಚುತ್ತೇವೆ.

ಸಾಗರದವಳು ಅವರೇ, ಆ ಹುಳಿ ಬಗ್ಗೆ ಓದಿದಾಗಿನಿಂದ ಯೋಚನೆ ಮಾಡುತ್ತಿದ್ದೇನೆ. ನಾವು ಮೊದಲು ಆರು ವರ್ಷ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದೆವು. ಆ ಕಡೆ ಹಳೆಯ ಮನೆಗಳಲ್ಲಿ ಸೇಬಿನ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿ ಇಡುತ್ತಾರೆ. ಸಕ್ಕರೆ ಹಾಕುವುದಿಲ್ಲ. ಏಳು ಪಾಲು ರಸ ಒಂದು ಪಾಲಿಗೆ ಇಳಿಯುತ್ತದೆ. ಬಣ್ಣ ನಮ್ಮ ಜೋನಿಬೆಲ್ಲದ್ದೇ. ರುಚಿ ಹುಳಿ ಸಿಹಿ. ಬಾಯಿಲ್ಡ್ ಸೈಡರ್ ಅಂತಾರೆ. ಅಜ್ಜಿ ಸಿರಪ್ ಜೊತೆ ಅದನ್ನು ಒಂದು ಚಮಚ ಬಿಡುತ್ತಿದ್ದರೋ ಏನೋ.

ಮನೆಯಲ್ಲೇ ಮಾಡಬಹುದು. ಸೋಸದ ಸೇಬಿನ ರಸ ಅರ್ಧ ಗ್ಯಾಲನ್ ತನ್ನಿ. ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ. ಕೊನೆಯ ಅರ್ಧ ಗಂಟೆ ಅಲ್ಲೇ ನಿಲ್ಲಿ, ತಳ ಹಿಡಿಯುತ್ತದೆ.

ಸಾಗರದವಳು (ವರ್ಮಾಂಟ್)

ಅಜ್ಜಿಯ ಫ್ರಿಜ್ ಬಾಗಿಲಲ್ಲಿ ಒಂದು ಕಪ್ಪು ಬಾಟಲಿ ಯಾವಾಗಲೂ ಇರುತ್ತಿತ್ತು. ನಾನು ಅದನ್ನು ಸಿರಪ್ ಅಂದುಕೊಂಡಿದ್ದೆ. ಎರಡು ಬಾಟಲಿ ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ.

ಇವತ್ತು ರಸ ತಂದಿದ್ದೇನೆ. ಒಲೆ ಮೇಲಿದೆ. ಮನೆಯೆಲ್ಲ ಪರಿಮಳ.

ವಿಸ್ಕಾನ್ಸಿನ್ ಕನ್ನಡಿಗ

ಏನಾಯಿತು ಹೇಳಿ, ಕಾಯುತ್ತಿದ್ದೇವೆ.

ಇನ್ನೊಂದು ಮಾತು. ಕುಂಬಳಕಾಯಿ ಪೈಯಲ್ಲಿ ಹಾಲು, ಮೊಟ್ಟೆ ಇರುತ್ತದೆ. ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಕೆನೆಯೂ ಅಷ್ಟೇ. ದೊಡ್ಡ ಗುಂಪಿನಲ್ಲಿ ಇದು ಮರೆತುಹೋಗುತ್ತದೆ.

ಸಾಗರದವಳು (ವರ್ಮಾಂಟ್)

ಹಬ್ಬ ಮುಗಿಸಿ ನಿನ್ನೆ ರಾತ್ರಿ ಬಂದೆವು. ಎಲ್ಲ ಬರೆಯುತ್ತೇನೆ.

ಒಂದು ಕ್ವಾರ್ಟ್ ಮತ್ತು ಒಂದು ಪೈಂಟ್ ಕೆನೆ, ಮುಕ್ಕಾಲು ಕಪ್ ಮೇಪಲ್ ಸಿರಪ್. ಸಿರಪ್ ಡಾರ್ಕ್ ಬಣ್ಣದ್ದೇ ತೆಗೆದುಕೊಂಡೆ. ತಿಳಿ ಬಣ್ಣದ್ದು ಕೆನೆಯಲ್ಲಿ ಕಳೆದುಹೋಗುತ್ತದೆ. ಕಾಯಿಸಿದ ಸೇಬಿನ ರಸ ಮೂರು ಚಮಚ. ಎಲ್ಲವನ್ನೂ ಐಸ್ ಪೆಟ್ಟಿಗೆಯಲ್ಲಿ ಒಯ್ದೆ. ಅಜ್ಜಿಯ ಮಗಳು ಹಳದಿ ಬಣ್ಣದ ಪಿಂಗಾಣಿ ಬಟ್ಟಲು ತಂದು ನನ್ನ ಮುಂದೆ ಇಟ್ಟರು. ಅಂಚು ಒಡೆದಿದೆ. 1999ರಲ್ಲಿ ಕಂಡ ಬಟ್ಟಲು ಅದೇ.

ಮಕ್ಕಳು ಮಾತಾಡಿಸುತ್ತಿದ್ದರು, ಒಂದು ಭಾಗ ಜಾಸ್ತಿ ಕಡೆದುಬಿಟ್ಟೆ. ಗಂಟು ಗಂಟಾಯಿತು. ಅತ್ತೆ ಓಡಿ ಬಂದು, "ಬೆಣ್ಣೆ ಬರ್ತಾ ಇದೆ, ನಿಲ್ಲಿಸು" ಅಂದರು. ಕಡೆಯದ ಕೆನೆ ಎರಡು ಚಮಚ ಹಾಕಿ ಕೈಯಲ್ಲೇ ಮೆಲ್ಲಗೆ ಬೆರೆಸಿದೆವು. ಸರಿಹೋಯಿತು. ಊರಲ್ಲಿ ದಿನವೂ ಕಡಗೋಲು ಹಿಡಿದವರು ಅವರು. ದೂರದಿಂದ ಸದ್ದು ಕೇಳಿಯೇ ಗೊತ್ತಾಗಿತ್ತಂತೆ.

ಕಾಯಿಹಾಲು, ಕ್ರ್ಯಾನ್‌ಬೆರಿ ಪಾಕ, ಕುಂಬಳ ಬೀಜದ ತರಿ, ಮೂರೂ ಬೇರೆ ಬಟ್ಟಲುಗಳಲ್ಲಿ ಇಟ್ಟೆವು. ಅಲರ್ಜಿ ಇರುವ ಮಗು ಬೀಜದ ತರಿಯನ್ನು ಎರಡು ಸಲ ಹಾಕಿಸಿಕೊಂಡಿತು. ಅವಳ ಅಮ್ಮ ಪ್ಯಾಕೆಟ್ ನೋಡಿ ಒಪ್ಪಿದ ಮೇಲೆಯೇ ಕೊಟ್ಟೆವು. ಇಷ್ಟು ವರ್ಷದಲ್ಲಿ ಸಿಹಿ ಮೇಲೆ ಕರುಂ ಅನ್ನುವುದನ್ನು ಅವಳು ತಿಂದಿದ್ದು ಇದೇ ಮೊದಲಂತೆ. ಮಾವ ಟರ್ಕಿ ಇದ್ದ ಮೇಜಿನಿಂದ ದೂರ ಕೂತಿದ್ದರು. ಆ ಮನೆಯ ಹಿರಿಯರೊಬ್ಬರು ತಮ್ಮ ತಟ್ಟೆ ಎತ್ತಿಕೊಂಡು ಬಂದು ಅವರ ಪಕ್ಕ ಕೂತರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಒಂದು ಗಂಟೆ ಮಾತಾಡಿದರು.

ಕೆನೆ ಬಗ್ಗೆ. ಮಗಳು ಬೆರಳ ತುದಿಯಲ್ಲಿ ತೆಗೆದು ಬಾಯಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಮ್ಮ ಸೇಬಿನ ರಸ ಇನ್ನೂ ಸ್ವಲ್ಪ ಕಡಿಮೆ ಹಾಕುತ್ತಿದ್ದಳು" ಅಂದರು. ತಮ್ಮ ಫ್ರಿಜ್ ತೆಗೆದು ಬಾಟಲಿ ತೋರಿಸಿದರು. ಅಜ್ಜಿಯ ಮನೆಯಿಂದ ತಂದದ್ದು. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು.

ಟೊರಾಂಟೊ ಮನೆ ಅವರೇ, ಮೂರಲ್ಲ, ಎರಡು ಚಮಚ. ಬರೆದುಕೊಳ್ಳಿ.